ಖಾಲಿ ಗುಂಡಿಗೆ ನೀರು

ಹ್ಯಾರಿಸ್‌ಡೇಲ್, ಪರ್ತ್

ಬಾವ,
ಇಲ್ಲಿಯ ಬಿಸಿಲಿಗೆ ನಿಮ್ಮ ನಾದಿನಿ ಇನ್ನೂ ಕರಗಿಲ್ಲ, ಮೂಗಿನ ತುದಿ ಮಾತ್ರ ಸುಲಿದಿದೆ. ಮನೆ ಮುಂದೆ ಗಿಡ ನೆಡೋದು ಕೌನ್ಸಿಲ್, ಅಂದ್ರೆ ಇಲ್ಲಿಯ ನಗರಸಭೆ, ನೀರು ಹಾಕೋದು ಮನೆಯವರು. ಇಬ್ಬರನ್ನೂ ಒಪ್ಪಿಸೋದು ನನ್ನ ಕೆಲಸ. ಕುವೈತ್‌ನಿಂದ ಬಂದು ನೆಲೆಸಿದ, ನಮ್ಮೂರ ಕಡೆಯವರೇ ಆದ ಎರಿಕ್ ಅಂಕಲ್, "ಎಲೆ ಬಿದ್ದು ಕಾರು ಹಾಳಾಗ್ತದೆ ಮಾರಾಯ್ತಿ" ಅಂತ ಗೇಟಿನಿಂದಲೇ ಓಡಿಸ್ತಿದ್ರು. ಹೋದ ವಾರ ನೆರಳಿಲ್ಲದ ಬಸ್ ಸ್ಟಾಪಿನಲ್ಲಿ ಅವರ ಹೆಂಡತಿ ತಲೆಸುತ್ತಿ ಬಿದ್ರು, ಈಗ ಹುಷಾರಾಗಿದ್ದಾರೆ. ಮರುದಿನ ಅಂಕಲ್ಲೇ ಬಂದು, "ಬಸ್ ಸ್ಟಾಪಿಗೂ ಒಂದು ಗಿಡ ಕೊಡು, ನೀರು ನಾನು ಹಾಕ್ತೇನೆ" ಅಂದ್ರು. ಮಳೆಗಾಲಕ್ಕೆ ಮುಂಚೆ ನೆಡೋದಿಲ್ಲ ಅಂದ್ರೂ ಕೇಳದೆ, ಗುಂಡಿ ತೋಡಿ, ಖಾಲಿ ಗುಂಡಿಗೇ ದಿನಾ ನೀರು ಹಾಕ್ತಿದ್ದಾರೆ! "ನಂಗೆ ಒಂದು ಲೋಟ ಚಾ ಮಾಡಿ ಕೊಟ್ಟವರಲ್ಲ, ಗುಂಡಿಗೆ ಉಪಚಾರ ನೋಡು" ಅಂತ ಆಂಟಿ ನಗ್ತಾರೆ. ಕಾರ್ಡ್ ತುಂಬಿತು. ಬಾವ, ನೀವಾದ್ರೂ ಇವತ್ತು ಅಕ್ಕನಿಗೆ ಚಾ ಮಾಡಿ ಕೊಡಿ.

ರೊವೆನಾ