ಕಡಲಿಗೆ ಹಾಕಿದ ಫಿಲ್ಮ್

ಕೋಟೇಶ್ವರ, ೧೨-೧೧-೧೯೯೯

ಬಾಗಕ್ಕನಿಗೆ ನಮಸ್ಕಾರಗಳು.

ನಿಮ್ಮ ಯಜಮಾನರು ಗುಡ್ಡಣ್ಣನ ಬೊಜ್ಜದ ದಿನ, ಉತ್ತರಕ್ರಿಯೆಗೆ ಎಲ್ಲ ಸೇರಿದ್ದಾಗ, ಮಾಲೆ ಹಾಕಲು ಅವರ ಫೋಟೊ ಕೇಳಿದ್ದಿರಿ. ‘ಫಿಲ್ಮ್ ತೊಳೆದು ಬಂದಿಲ್ಲ’ ಎಂದೆ. ಅದು ಸುಳ್ಳು, ಆಗಲೇ ಬಂದಿತ್ತು.

ಅವರಿದ್ದಾಗ ಆ ಫೋಟೊ ತೆಗೆದ ಸಂಜೆ, ಬೀಜಾಡಿಯ ಕಡಲತೀರಕ್ಕೆ ಎರಡು ಬಗೆಯ ಸ್ಲೈಡ್ ಫಿಲ್ಮ್ ತಂದಿದ್ದೆ. ಒಂದು ಮುಖಕ್ಕೆ ಒಳ್ಳೆಯದು, ಇನ್ನೊಂದು ಬಾನು-ಕಡಲಿನ ಬಣ್ಣಕ್ಕೆ. ಫೋಟೊ ಸ್ಪರ್ಧೆಯ ಆಸೆಗೆ ಎರಡನೆಯದನ್ನೇ ಹಾಕಿದೆ.

“ಹ್ವಾಯ್ ಮಾಷ್ಟ್ರೇ, ನನ್ ಮೋರಿ ಲಾಯ್ಕ್ ಬತ್ತಾ?” ಎಂದು ಗುಡ್ಡಣ್ಣ ಮುಖ ಒರೆಸಿಕೊಳ್ಳುತ್ತಾ ಕೇಳಿದರು.

“ಸಿನಿಮಾದವ್ರೇ ಹುಡ್ಕಂಡ್ ಬತ್ರ್!” ಎಂದೆ. ನಕ್ಕರು. ಆಗಲೇ ಒತ್ತಿದೆ.

ಫೋಟೊದಲ್ಲಿ ಕಡಲು ಮದುಮಗಳಂತೆ ಬಂದಿದೆ. ಗುಡ್ಡಣ್ಣ ಬರೀ ಕಪ್ಪು ನೆರಳು, ಮುಖವೇ ಕಾಣುವುದಿಲ್ಲ. ತೀರ್ಪುಗಾರರು ಆ ನೆರಳನ್ನೇ ಮೆಚ್ಚಿ ಬಹುಮಾನ ಕೊಟ್ಟರು.

ನಿಮ್ಮ ಯಜಮಾನರ ಗುರುತಿನ ಚೀಟಿ ಕಳಿಸಿಕೊಡಿ, ಅದರಲ್ಲಿರುವ ಫೋಟೊವನ್ನೇ ದೊಡ್ಡದು ಮಾಡಿಸುತ್ತೇನೆ. ಅದರಲ್ಲಿ ಅವರು ನಕ್ಕಿರಲಿಕ್ಕಿಲ್ಲ. ನಕ್ಕ ಮೋರೆಯನ್ನು ನಾನೇ ಕಪ್ಪು ಮಾಡಿಟ್ಟಿದ್ದೇನೆ.

ನಿಮ್ಮ ಕ್ಷಮೆ ಕೇಳುವ,
ಶ್ರೀಶ ಮಾಷ್ಟ್ರು