ಚಿಕ್ಕವಳ ಲಂಗೋಟಿಗಳು

ಕೊತ್ತಗೆರೆ
ಭಾನುವಾರ, 9 ಫೆಬ್ರವರಿ 2025

ದೀಪಿ,

ನೀನೂ ಮಕ್ಕಳಿಬ್ಬರೂ ಸುಖವಾಗಿರಿ. ನಾನು ಗುರುವಾರ ಕತ್ತಲಾಗುವುದರೊಳಗೆ ಮನೆ ಸೇರಿದೆ. ನಿಟ್ಟೂರಲ್ಲಿ ಹತ್ತಿದ ರೈಲು ಗುಬ್ಬಿಯಲ್ಲಿ ಸುಮಾರು ಹೊತ್ತು ನಿಂತಿತ್ತು. ತುಮಕೂರಿಂದ ಕುಣಿಗಲ್ ಬಸ್ಸಿನಲ್ಲಿ ಸೀಟು ಸಿಕ್ಕಿತು, ತೊಂದರೆಯಾಗಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮತ್ತೆ ಫೋನನ್ನು ಸ್ಪೀಕರಿಗೆ ಹಾಕಿಯೇ ನಿನ್ನ ಕೈಗೆ ಕೊಡುವುದು. ನಾಳೆ ನಮ್ಮವರೇ, ನಿನ್ನ ಭಾವ, ಅಲ್ಲಿಗೆ ಬರುತ್ತಾರೆ, ಕಾಗದವನ್ನು ನಿನಗೇ ಕೊಡುತ್ತಾರೆ. ಓದಿದ ಮೇಲೆ ಹಂಡೆ ಒಲೆಗೆ ಹಾಕು.

ನಾನು ಹೊರಡುವಾಗ ನೀನು ಕೇಳಿದೆಯಲ್ಲ, "ಭಾವಂಗೆ ಜ್ವರ ಎಷ್ಟ್ ದಿನ ಇರ್ತದಕ್ಕ?" ಅಂತ. ಅವರಿಗೆ ಜ್ವರ ಬಂದೇ ಇರಲಿಲ್ಲ.

ಮೊದಲಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇರುತ್ತದೆ, ಆದರೂ ಸಾಲಾಗಿ ಹೇಳದಿದ್ದರೆ ನನಗೆ ಮುಂದಿನದು ತೋಚುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಅವಳಿ ಅಂತ ಗೊತ್ತಾದಾಗ ನೀನು ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ, "ಎರಡ್ನೇದು ನಿಂದೇ ಕಣಕ್ಕ" ಅಂದೆ. ನಾನು ಕೇಳಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಯಾರನ್ನೂ ಕೇಳಿದವಳಲ್ಲ. ಆದರೆ ನೀನು ಅಂದ ಮೇಲೆ ಬೇಡ ಅಂತಲೂ ಹೇಳಲಿಲ್ಲ. ನಿನ್ನ ಗಂಡ ಮಲ್ಲಿಕಾರ್ಜುನ್ ಒಪ್ಪಿದರು. ಎರಡೂ ಹೆಣ್ಣಾದ ಮೇಲಂತೂ ನಿಮ್ಮತ್ತೆಗೆ ಕೊಡುವ ಆತುರ ಹೆಚ್ಚಾಯಿತು. ಚಿಕ್ಕವಳ ಹೆಸರನ್ನು ನಮ್ಮ ಮನೆಯಲ್ಲೇ ಇಡಲಿ ಅಂತ ನಾಮಕರಣವನ್ನು ಐದನೇ ತಿಂಗಳಿಗೆ ಮುಂದೆ ಹಾಕಿದಿರಿ. ಅಮ್ಮ ಇಲ್ಲದ್ದರಿಂದ ಬಾಣಂತನಕ್ಕೆ ನಾನೇ ಬಂದು ನಿಂತೆ.

ಅಂಗಡಿಯ ಡೈಪರಿನಿಂದ ಚಿಕ್ಕವಳ ತೊಡೆ ಸಂದಿಯೆಲ್ಲ ಕೆಂಪಗೆ ಸುಲಿದು ಹೋಗಿತ್ತು. ತುಮಕೂರಿನ ಡಾಕ್ಟರು ಹತ್ತಿ ಬಟ್ಟೆಯನ್ನೇ ಕಟ್ಟಿ, ಇವಳ ಬಟ್ಟೆಗೆ ಸೋಪಿನ ಪುಡಿ ಸೋಕಿಸಬೇಡಿ ಅಂದರು. ನಿನ್ನ ಭಾವನ ಹಳೆಯ ಪಂಚೆಗಳನ್ನು ತರಿಸಿ ಚೌಕ ಚೌಕ ಹರಿದೆ. ಇಬ್ಬರದೂ ಬೆರೆಯದಿರಲಿ ಅಂತ ಚಿಕ್ಕವಳ ಬಟ್ಟೆಯ ಮೂಲೆಗೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿದೆ. ಅವಳದ್ದನ್ನು ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ನೆನೆಸಿ, ಒಗೆದು, ಬಿಸಿಲಲ್ಲಿ ಗರಿಗರಿಯಾಗುವ ತನಕ ಒಣಗಿಸಿ, ಬೇರೆ ಮಡಚಿಡುತ್ತಿದ್ದೆ.

ಗಾಯ ವಾಸಿಯಾಯಿತು. ನಾನು ದಾರ ಹಾಕುವುದನ್ನು ನಿಲ್ಲಿಸಲಿಲ್ಲ. ಹೊಸದಾಗಿ ಹರಿದ ಬಟ್ಟೆಗೂ ಹಾಕಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಮಾಲಿನಿ, ನಿಮ್ಮ ಪಕ್ಕದ ಮನೆಯಾಕೆ, ಮಕ್ಕಳನ್ನು ನೋಡುತ್ತಿದ್ದಾಗ ನಿಮ್ಮತ್ತೆ, "ಒಂದ್ನ ಅವ್ರಕ್ಕಂಗೆ ಕೊಡ್ತಾ ಇದೀವಿ. ಎರಡು ಹೆಣ್ಣು ಯಾರ್ ಸಾಕ್ತಾರೆ ಬುಡು" ಅಂದರು. ನೀನು ತಲೆ ಎತ್ತಲಿಲ್ಲ. ಅಲ್ಲಿಯ ತನಕ ನೀನು ಎದೆಹಾಲಿಗೆ ಮೊದಲು ದೊಡ್ಡವಳನ್ನೇ ಎತ್ತಿಕೊಳ್ಳುತ್ತಿದ್ದೆ, ಅವಳ ಅಳು ಜೋರು ಅಂತ. ಅವತ್ತಿನಿಂದ, ದೊಡ್ಡವಳು ಎಷ್ಟೇ ಕಿರುಚಲಿ, ಚಿಕ್ಕವಳನ್ನೇ ಮೊದಲು ಎತ್ತಿಕೊಂಡೆ. ನಾನು ನೋಡುತ್ತಿದ್ದೆ.

ಆಮೇಲೆ ಮೊನ್ನೆ ಬುಧವಾರ. ಬಟ್ಟೆ ತೆಗೆದುಕೊಂಡು ಒಳಗೆ ಬಂದರೆ ಬೀರುವಿನಲ್ಲಿ ಎರಡು ಅಡಕಲು ಇರಲಿಲ್ಲ, ಒಂದೇ ಇತ್ತು. ಮೇಲಿನದನ್ನು ಬಿಡಿಸಿದೆ. ಮೂಲೆಯಲ್ಲಿ ಸೂಜಿಯ ತೂತು ಇತ್ತು, ದಾರ ಇರಲಿಲ್ಲ. ಅದರ ಕೆಳಗಿನದೂ ಹಾಗೇ. ನೀನು ಕತ್ತರಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು, "ಗಾಯ ವಾಸಿ ಆಯ್ತಲ್ಲಕ್ಕ, ಬೇರೆ ಯಾಕೆ ಅಂತ..." ಅಂದೆ. "ಹೌದಲ್ಲ" ಅಂದೆ ನಾನು. ತಂದ ಬಟ್ಟೆಯನ್ನು ಅದೇ ಅಡಕಲಿನ ಮೇಲೆ ಇಟ್ಟೆ.

ಮಗು ಕೊಡಲಾರೆ ಅಂತ ಬಾಯಿಬಿಟ್ಟು ಹೇಳಲು ನಿನಗೆ ಆಗುತ್ತಿರಲಿಲ್ಲ. ಮಾತು ಕೊಟ್ಟವಳು ನೀನು, ಮನೆಯವರೆಲ್ಲ ಆ ಮಾತಿನ ಕಡೆಗೇ ಇದ್ದರು. ಎದುರಿಗೆ ನಾನು ಹಗಲೆಲ್ಲ ನಿನ್ನ ಮಕ್ಕಳ ಬಟ್ಟೆ ಒಗೆಯುತ್ತಿದ್ದೆ.

ಮಾರನೆಯ ದಿನ ನಿನ್ನ ಭಾವನಿಗೆ ಜ್ವರ, ಊರಿಗೆ ಹೋಗಬೇಕು ಅಂದೆ ನಾನು. ಚಿಕ್ಕವಳನ್ನೂ ಕರೆದುಕೊಂಡು ಹೋಗುತ್ತೇನೆ ಅಂದುಕೊಂಡೆ ನೀನು. ಚಾಪೆಯ ಮೇಲೆ ಕೂತು ಅವಳ ಲಂಗೋಟಿಗಳನ್ನು ಮಡಚಿ ಮಡಚಿ ಚೀಲಕ್ಕೆ ಇಡತೊಡಗಿದೆ. ಮುಕ್ಕೋನ ಸರಿ ಬರಲಿಲ್ಲ. ಬಿಚ್ಚಿದೆ, ಮತ್ತೆ ಮಡಚಿದೆ, ಮತ್ತೆ ಬಿಚ್ಚಿದೆ. "ಈಗ್ಬೇಡ ಕಣೇ, ಜ್ವರದ ಮನೆ" ಅಂದೆ ನಾನು. ನೀನು ಚೀಲವನ್ನು ಅಲ್ಲೇ ಬಿಟ್ಟು ಗೋಡೆಗೆ ಒರಗಿದೆ. ಆಗಲೇ ನೀನು ಜ್ವರದ ದಿನ ಕೇಳಿದ್ದು.

ಇಲ್ಲಿ ನಿನ್ನ ಭಾವ ಬಾಗಿಲಲ್ಲೇ, "ಎಲ್ಲಿ ಮಗು?" ಅಂದರು. ಆದದ್ದನ್ನೆಲ್ಲ ಹೇಳಿದೆ. ಕೇಳಿ, ಎದ್ದು ಹೋಗಿ ದನಗಳಿಗೆ ನೀರಿಟ್ಟು, ಹುಲ್ಲು ಹಾಕಿ, ಬಹಳ ಹೊತ್ತಿನ ಮೇಲೆ ಒಳಗೆ ಬಂದರು. "ನಾನೇ ಬ್ಯಾಡ ಅಂದೆ ಅಂತೀನಿ ಬುಡು. ನನ್ ಮ್ಯಾಲೇ ಹಾಕು" ಅಂದರು. ದತ್ತಕದ ಕಾಗದ ಬರೆಯಲು ಹೇಳಿದ್ದ ಕುಣಿಗಲ್ ಲಾಯರಿಗೆ ಮಾರನೆಯ ಬೆಳಿಗ್ಗೆ ಫೋನ್ ಮಾಡಿ ಬೇಡ ಅಂದರು.

ನಾಳೆ ಅವರು ನಿಮ್ಮತ್ತೆಯ ಮುಂದೆ, ಈ ವಯಸ್ಸಿನಲ್ಲಿ ಎಳೆ ಮಗು ಸಾಕಲು ನಮ್ಮ ಕೈಲಿ ಆಗುವುದಿಲ್ಲ ಅಂತ ಹೇಳುತ್ತಾರೆ. ನಿಮ್ಮತ್ತೆ ಬೈಯುತ್ತಾರೆ. ಆಸೆ ತೋರಿಸಿ ಕೈಕೊಟ್ಟರು ಅಂತ ಊರಲ್ಲೂ ಹೇಳಿಕೊಂಡು ಬರುತ್ತಾರೆ. ಹೇಳಲಿ. ನೀನು ನಮ್ಮ ಪರವಾಗಿ ಒಂದು ಮಾತೂ ಆಡಬೇಡ. ಬೇಕಿದ್ದರೆ ನೀನೂ ನಮ್ಮನ್ನು ಬೈದುಬಿಡು. ನಿಮ್ಮತ್ತೆಯ ಎದುರಿಗೆ ನಿನಗೆ ಅದೇ ಒಳ್ಳೆಯದು.

ಲಂಗೋಟಿ ಮಡಚುವುದು ನಿನಗೆ ಇನ್ನೂ ರೂಢಿಯಾಗಿಲ್ಲ. ಚೌಕವನ್ನು ಮೂಲೆಗೆ ಮೂಲೆ ಸೇರಿಸು. ಮೇಲಿನ ಅಂಚನ್ನು ನಾಲ್ಕು ಬೆರಳಗಲ ಒಳಕ್ಕೆ ತಿರುಗಿಸು, ಹೊಟ್ಟೆಗೆ ಒತ್ತುವುದಿಲ್ಲ. ಹೆಣ್ಣು ಮಕ್ಕಳಿಗೆ ದಪ್ಪ ಮಡಿಕೆ ಹಿಂದಕ್ಕಿರಲಿ. ಸೊಂಟದ ಗಂಟಿನೊಳಗೆ ನಿನ್ನ ಬೆರಳು ಸಲೀಸಾಗಿ ಹೋಗಬೇಕು. ಒದ್ದೆಯಾದದ್ದನ್ನು ಮಡಿಲಲ್ಲೇ ಇಟ್ಟುಕೊಂಡು ಯೋಚನೆ ಮಾಡುತ್ತಾ ಕೂರಬೇಡ. ಭಾವನ ಕೈಲಿ ಇನ್ನೆರಡು ಪಂಚೆ ಕಳಿಸಿದ್ದೇನೆ. ನೀನೇ ಹರಿದುಕೋ.

ಇಬ್ಬರ ನಾಮಕರಣವನ್ನೂ ಒಂದೇ ದಿನ, ನಿಮ್ಮ ಮನೆಯಲ್ಲೇ ಮಾಡಿ. ಕರೆದರೆ ಬರುತ್ತೇವೆ.

ನಿನ್ನ ಅಕ್ಕ,
ಗಂಗಾಂಬಿಕೆ

ಸಹಿ ಹಾಕಿದ ಮೇಲೆ ನೆನಪಾದದ್ದು: ರೂಮಿನಲ್ಲಿ ಯಾರೂ ಇಲ್ಲದಾಗ ಚಿಕ್ಕವಳನ್ನು ನಾನು ಇಂಪನಾ ಅಂತ ಕರೆಯುತ್ತಿದ್ದೆ. ಈಚೆಗೆ ಆ ಹೆಸರಿಗೆ ತಿರುಗಿ ನೋಡುತ್ತಿದ್ದಳು. ನೀವು ಯಾವ ಹೆಸರಿಟ್ಟರೂ ಅದನ್ನು ನಾಲ್ಕು ದಿನ ಬಿಡದೆ ಅವಳ ಕಿವಿಯ ಹತ್ತಿರ ಹೇಳುತ್ತಿರು. ಇನ್ನೂ ಚಿಕ್ಕದು, ಮರೆತುಬಿಡುತ್ತದೆ.