ಸೋಲಾಪುರ ಯಾವ ಕಡೆ

ಗಜೇಂದ್ರಗಡ,
೩೦ ಡಿಸೆಂಬರ್ ೧೯೫೭

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಅರಳೆ ಧೂಳು ಎದೆಗೆ ಇಳಿಯುತ್ತದೆ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುವುದನ್ನು ಬಿಡಬೇಡ. ದ್ರಾಕ್ಷಾಯಣಿ ಅತ್ತಿಗೆಯವರು ಆರಾಮ ಇದ್ದಾರೆಯೇ? ಸುಶೀಲವ್ವನಿಗೆ ಹಲ್ಲು ಬಂದವೇ? ಮಗು ಗಿರಣಿಯ ಸಿಳ್ಳಿಗೆ ಬೆಚ್ಚಿ ಬೀಳುತ್ತದೆ ಎಂದಿದ್ದೆ, ಈಗ ಅದು ರೂಢಿಯಾಗಿರಬೇಕು. ನಾನು ಚೆನ್ನಾಗಿದ್ದೇನೆ. ರೋಣದ ಸಾಲೆಯಲ್ಲಿ ಕನ್ನಡ ಕಲಿಸುವುದು ನಡೆದಿದೆ. ಹುಡುಗರ ಮುಂದೆ ನಿಂತಾಗ ಮೊದಲಿನಷ್ಟು ಗಂಟಲು ಒಣಗುವುದಿಲ್ಲ. ಈಗ ಕ್ರಿಸ್‌ಮಸ್ಸಿನ ನಾತಾಳ ರಜೆ. ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಮಗ್ಗದ ಸದ್ದು ಇಲ್ಲ.

ಈ ಸಲ ಬರೆಯಲು ಒಂದು ದೊಡ್ಡ ಸುದ್ದಿಯಿದೆ. ಅಪ್ಪ ಗುಡ್ಡ ಹತ್ತಿದರು! ನೀನು ನಂಬಲಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಗುಡ್ಡದ ಮೇಲೆ ಒಂದು ರಾತ್ರಿ ಮಲಗಿ ಬರೋಣ, ಅಪ್ಪನನ್ನೂ ಕರೆದುಕೊಂಡು ಹೋಗೋಣ ಎಂದು ಸಣ್ಣವರಿದ್ದಾಗ ನಾವಿಬ್ಬರೂ ಎಷ್ಟು ಸಲ ಗಂಟುಬಿದ್ದಿದ್ದೆವು! ಕೇಳಿದಾಗಲೆಲ್ಲ ಅಪ್ಪ ಮಗ್ಗದ ಕುಣಿಯಿಂದ ತಲೆ ಎತ್ತದೆ, "ಗುಡ್ಡ ಎಲ್ಲಿ ಓಡಿಹೋಗತೈತಿ? ಈ ಸೀರಿ ಇಳೀಲಿ, ಆಮ್ಯಾಲ ನೋಡೂಣು" ಎನ್ನುತ್ತಿದ್ದರು. ಒಂದು ಸೀರೆ ಇಳಿಯುವಷ್ಟರಲ್ಲಿ ಇನ್ನೊಂದರ ಹಾಸುನೂಲು ಮಗ್ಗಕ್ಕೆ ಏರುತ್ತಿತ್ತು. ಹಿತ್ತಲಲ್ಲಿ ನಿಂತು ಕತ್ತೆತ್ತಿದರೆ ಕಾಣುವ ಆ ಗುಡ್ಡಕ್ಕೆ ಅಪ್ಪ ಹೋಗದೆಯೇ ಉಳಿದರು. ಆಮೇಲೆ ನೀನು ಹೊರಟುಹೋದೆ.

ನಮ್ಮ ಡ್ರಿಲ್ ಮಾಸ್ತರ ಕಾಶೀಂಸಾಬರು ಸಾಲೆಯ ಹುಡುಗರನ್ನು ಗುಡ್ಡದ ಮೇಲೆ ಶಿಬಿರಕ್ಕೆ ಕರೆತಂದಿದ್ದರು. ನಾನು ಈ ಊರಿನವನಾದ್ದರಿಂದ ಅವರ ಜೊತೆಗಿರಬೇಕಾಗಿತ್ತು. ಹೊರಡುವ ದಿನ ಬೆಳಿಗ್ಗೆ ಅಪ್ಪ ತಾವಾಗಿಯೇ, "ತೋಟಪ್ಪಾ, ನಾನೂ ಬರತೀನಿ" ಎಂದರು. ನಾನು ಅವ್ವನ ಮುಖ ನೋಡಿದೆ. ಅವಳು ಒಲೆಯ ಕಡೆ ತಿರುಗಿ ಸಜ್ಜಿರೊಟ್ಟಿ ಬಡಿಯತೊಡಗಿದಳು. ಎಣ್ಣೆಗಾಯಿ, ಶೇಂಗಾಹಿಂಡಿ ಚಟ್ನಿ, ಮೊಸರನ್ನ ಎಲ್ಲ ಕಟ್ಟಿಕೊಟ್ಟಳು. ಹಬ್ಬದ ದಿನವೂ ಅಷ್ಟು ಮಾಡಿದ್ದು ಕಾಣೆ.

ದಾರಿಯುದ್ದಕ್ಕೂ ಅಪ್ಪನ ಕೈ ನನ್ನ ಹೆಗಲ ಮೇಲಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಮೊಣಕಾಲು ಹಿಡಿದಿರಬೇಕು ಅಂದುಕೊಂಡೆ. ನನಗೆ ಆ ಕೈಯ ಭಾರ ಹಿತವಾಗಿತ್ತು. ಸಣ್ಣವನಿದ್ದಾಗ ನಿನ್ನ ತಲೆ ನೇವರಿಸಿದಷ್ಟು ನನ್ನ ತಲೆ ಅವರು ನೇವರಿಸಿದವರಲ್ಲ, ನಿನಗೂ ಗೊತ್ತು. ಮೇಲೆ ಕೋಟೆ ಗೋಡೆಯ ಮರೆಯಲ್ಲಿ ಹುಡುಗರು ಡೇರೆ ಕಟ್ಟುತ್ತಿದ್ದರು. ಅಪ್ಪ ನಕ್ಕು, "ಇದೇನ್ರಿ ಕಾಶೀಂಸಾಬ್ರ, ಮನಿ ಬಿಟ್ಟು ಬಂದು ಮತ್ತ ಮನೀನ ಕಟ್ಟಾಕ ಹತ್ತೀರಲ್ಲ?" ಎಂದರು. "ಹುಡುಗ್ರು ಬಯಲಗಾಳಿ ತಿಂದ್ರ ಎದಿ ಗಟ್ಟಿ ಆಗತೈತ್ರಿ ಮುದಿಯಪ್ಪಾರ" ಎಂದರು ಕಾಶೀಂಸಾಬರು. "ಗಾಳಿ ತಿನ್ನಾಕ ಬಂದವರು ಇಷ್ಟು ಬುತ್ತಿ ಯಾಕ ಹೊತಗೊಂಡು ಬಂದ್ರಿ ಮತ್ತ?" ಎಂದರು ಅಪ್ಪ. ಹುಡುಗರು ಹೋ ಎಂದು ನಕ್ಕರು. ಅಪ್ಪ ಡೇರೆಯ ಬಟ್ಟೆಯನ್ನು ಹೆಬ್ಬೆರಳಿನಿಂದ ತಿಕ್ಕಿ, "ಎಳಿ ದಪ್ಪ, ನೇಯ್ಗಿ ಸಡ್ಲ. ನೇಯ್ದಾವ ಅವಸರದಾಗಿದ್ದ" ಎಂದು ತೀರ್ಪು ಕೊಟ್ಟರು. ಅವರು ಅಷ್ಟು ಹಗುರಾಗಿದ್ದುದನ್ನು ನೀನು ನೋಡಬೇಕಿತ್ತು.

ಸಂಜೆಗೆ ನಾವಿಬ್ಬರೇ ಗೋಡೆಯ ತುದಿಯಲ್ಲಿ ಕುಳಿತೆವು. "ಏನೇನ ಕಾಣತೈತಿ, ಒಂದೊಂದ ಹೇಳು. ಬಿ.ಎ. ಕಲ್ತಾಂವ ಅದಿ, ಚಂದ ಮಾಡಿ ಹೇಳು" ಎಂದರು. ನಾನು ಹೇಳಿದೆ. ಎರೆ ಹೊಲದಲ್ಲಿ ಜೋಳ ತೆನೆ ಹಿಡಿದದ್ದು, ಕುರಿಹಿಂಡು ತಿಪ್ಪೆಯ ಮೇಲಿನ ಬೂದಿಯಂತೆ ಚೆಲ್ಲಿಕೊಂಡದ್ದು, ಸೂಡಿ ಊರಿನ ಕಡೆ ಹೊಗೆ ಎದ್ದು ಗಾಳಿಗೆ ಮಲಗಿದ್ದು, ರೋಣದ ರಸ್ತೆಯಲ್ಲಿ ಬಸ್ಸು ಉದ್ದಕ್ಕೂ ಧೂಳಿನ ಬಾಲ ಬಿಟ್ಟು ಹೋದದ್ದು. ಅಪ್ಪನ ಜೊತೆ ನಾನು ಅಷ್ಟು ಮಾತಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ನನ್ನ ಕನ್ನಡ ಅವರಿಗೆ ರುಚಿಸುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ.

ಆಮೇಲೆ ಕೇಳಿದರು: "ಸೋಲಾಪುರ ಯಾವ ಕಡೀಗೆ ಬರತೈತಿ?"

ನೀನು ಸೋಲಾಪುರದ ಗಿರಣಿಗೆ ಹೊರಟ ದಿನ, "ಮಗ್ಗ ಬಿಟ್ಟು ಹೋಗಾಂವ ಇನ್ನ ನನ್ನ ಮಾರಿ ನೋಡಬ್ಯಾಡ" ಎಂದವರು, ಅಂದಿನಿಂದ ಆ ಊರಿನ ಹೆಸರನ್ನು ಮನೆಯಲ್ಲಿ ಎತ್ತಿರಲಿಲ್ಲ. ತಡಮಾಡಿದರೆ ಆ ಪ್ರಶ್ನೆ ಮರಳಿ ಅವರ ಬಾಯೊಳಗೆ ಹೋದೀತು ಎನ್ನಿಸಿ, ಥಟ್ಟನೆ ರೋಣದ ರಸ್ತೆಯ ಕಡೆ ಕೈ ಮಾಡಿದೆ. "ಹಂಗಲ್ಲ, ನನ್ನ ಕೈ ಹಿಡದು ತೋರಸು" ಎಂದರು. ಅವರ ಕೈಯನ್ನು ಹಿಡಿದು, ಹೊತ್ತು ಮುಳುಗುವ ಕಡೆಗೆ ಚಾಚಿಸಿದೆ. ಅವರು ಬುತ್ತಿಯಿಂದ ಒಂದು ಇಡೀ ರೊಟ್ಟಿ ತೆಗೆದು, ಮೇಲೆ ಹಿಂಡಿ ಹಚ್ಚಿ, ಆ ದಿಕ್ಕಿಗೆ ಕಲ್ಲಿನ ಮೇಲಿಟ್ಟರು. ಬಯಲಲ್ಲಿ ಉಣ್ಣುವಾಗ ಮೊದಲ ತುತ್ತು ಭೂಮಿತಾಯಿಗೆ ಚೆಲ್ಲುತ್ತೇವಲ್ಲ, ಹಾಗೆಂದು ತಿಳಿದೆ. ಆದರೆ ಅವರು, "ಕನಕಪ್ಪಾ, ಉಣ್ಣಪಾ" ಎಂದರು. ಕತ್ತಲಾಗುವವರೆಗೆ ಅತ್ತಲೇ ಮುಖ ಮಾಡಿ ಕೂತಿದ್ದರು.

ಮರುದಿನ ಬೆಳಿಗ್ಗೆ ಅಪ್ಪ ಹುಡುಗನೊಬ್ಬನ ಜೊತೆ ಹೊಂಡದ ಕಡೆ ಹೋಗಿದ್ದಾಗ ಕಾಶೀಂಸಾಬರು ದಿಕ್ಸೂಚಿ ಹಿಡಿದು ಹುಡುಗರಿಗೆ ಪಾಠ ಮಾಡುತ್ತಿದ್ದರು. ಧಾರವಾಡ ಅತ್ತ, ವಿಜಾಪುರ ಇತ್ತ, ಅದರಾಚೆ ನೆಟ್ಟಗೆ ಉತ್ತರಕ್ಕೆ ಸೋಲಾಪುರ. ಅವರ ಬೆರಳು ಹೋದದ್ದು ಕೋಟೆಯ ಆಚೆ ಮಗ್ಗುಲಿನ ಗುಡ್ಡಸಾಲಿನ ಕಡೆಗೆ. ನಾನು ತೋರಿಸಿದ್ದು ಪಡುವಣ. ಅಣ್ಣಾ, ನಿನ್ನನ್ನು ಒಯ್ದ ಬಸ್ಸು ರೋಣದ ರಸ್ತೆ ಹಿಡಿದು ಮಲ್ಲಾಪುರದ ಸ್ಟೇಶನ್ನಿಗೆ ಹೋಗಿತ್ತು. ಊರಬಾಗಿಲ ಅಗಸಿಯಲ್ಲಿ ನಿಂತು ಅದರ ಧೂಳು ಅಡಗುವವರೆಗೆ ನೋಡಿದ್ದೆ. ಮಲ್ಲಾಪುರದಲ್ಲಿ ರೈಲು ಬಡಗಣಕ್ಕೆ ಹೊರಳುತ್ತದೆ ಎಂದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ನನ್ನ ಪಾಲಿಗೆ ನೀನು ಇರುವುದು ಆ ರಸ್ತೆಯ ಕೊನೆಯಲ್ಲಿ. ಅಪ್ಪ ಇಷ್ಟು ವರ್ಷಗಳ ಮೇಲೆ ಒಂದೇ ಒಂದು ಸಲ ನಿನ್ನ ಕಡೆ ತಿರುಗಿದರು, ನಾನು ಅವರನ್ನು ಬೇರೆ ಕಡೆ ತಿರುಗಿಸಿ ಕೂಡಿಸಿದೆ. ಅವರು ಹೊಂಡದಿಂದ ಬಂದಾಗ ಹೇಳಬೇಕೆಂದು ಬಾಯಿ ತೆರೆದೆ. ಮುಖ ಎಷ್ಟು ತಿಳಿಯಾಗಿತ್ತೆಂದರೆ ಹೇಳಲಾಗಲಿಲ್ಲ. ಮನೆಗೆ ಬಂದವರೇ ಅವ್ವನಿಗೆ, "ಫಕೀರವ್ವಾ, ಸೋಲಾಪುರ ನೋಡಿ ಬಂದ್ನಿ" ಎಂದರು. "ಇಲ್ಲಿಂದ ಹ್ಯಾಂಗ ಕಾಣತೈತಿ?" ಎಂದು ಅವಳು ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಸೆರಗು ಬಾಯಿಗಿಟ್ಟುಕೊಂಡಳು.

ಈಗ ದಿನಾ ಸಂಜೆ ಕಟ್ಟೆಯ ಮೇಲೆ ರೋಣದ ರಸ್ತೆಯ ಕಡೆಗೇ ಮುಖ ಮಾಡಿ ಕೂಡುತ್ತಾರೆ. ನಾನು ನೋಡಿಯೂ ಸುಮ್ಮನಿದ್ದೇನೆ. ನೀನು ಅಪ್ಪನ ಜೊತೆ ಜಗಳವಾಡಿದ ದಿನ ನಾನು ಬಾಗಿಲ ಸಂದಿಯಲ್ಲಿ ನಿಂತು ಸುಮ್ಮನಿದ್ದ ಹಾಗೆಯೇ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳು. ಸುಶೀಲವ್ವನ ಎರಡೂ ಗಲ್ಲಕ್ಕೆ ಮುದ್ದು. ಅವ್ವ ಎಲ್ಲರಿಗೂ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಮ್ಮ,
ತೋಟಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಗುಡ್ಡ ಇಳಿಯುವಾಗ ಬಿಸಿಲು ಚೆನ್ನಾಗಿ ಏರಿತ್ತು, ಕೆಳಗೆ ಊರಿನ ಒಂದೊಂದು ಹೆಂಚೂ ಹೊಳೆಯುತ್ತಿತ್ತು. ಅಪ್ಪ ನನ್ನ ಹೆಗಲು ಹಿಡಿದುಕೊಂಡು, "ಮಂಜು ಇನ್ನಾ ಸರದಿಲ್ಲೇನೋ?" ಎಂದರು. ಎಲ್ಲಿಯೂ ಮಂಜಿರಲಿಲ್ಲ, ಅಣ್ಣಾ. ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆ. ಗದಗಿನ ಡಾಕ್ಟರರಿಗೆ ತೋರಿಸಿದ್ದಾರಂತೆ. ಪೊರೆಯಲ್ಲ, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಹತ್ತಿರದ ಮುಖ ಬೇಸಿಗೆಯವರೆಗೆ ಗುರುತು ಸಿಕ್ಕರೆ ಸಿಕ್ಕೀತು ಎಂದಿದ್ದಾರಂತೆ. ಮಗ್ಗದಲ್ಲಿ ತುಂಡಾದ ಎಳೆಗಳನ್ನು ಎಷ್ಟೋ ದಿನದಿಂದ ಅವ್ವನೇ ಜೋಡಿಸುತ್ತಿದ್ದಾಳೆ. "ಕನಕಗ ಬರೀಬ್ಯಾಡ. ಕುರುಡ ಅಂತ ಕನಿಕರಪಟ್ಟು ಬರೂದು ಬ್ಯಾಡ, ಮನಸ್ಸಾದ್ರ ಬರಲಿ" ಎಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಾತು ಮುರಿದು ಬರೆಯುತ್ತಿದ್ದೇನೆ. ಸಂಕ್ರಾಂತಿಗೆ ಮಗುವನ್ನು ಕರೆದುಕೊಂಡು ಬಾ. ಕಣ್ಣಿನ ಸಂಗತಿ ನಿನಗೆ ಗೊತ್ತಿಲ್ಲವೆಂಬಂತೆ ಬಾ. ಮಲ್ಲಾಪುರದಲ್ಲಿ ಇಳಿದು ಸಂಜೆಯ ಬಸ್ಸು ಹಿಡಿ. ಅದು ರೋಣದ ರಸ್ತೆಯಿಂದಲೇ ಬರುತ್ತದೆ. ಅಪ್ಪ ಅತ್ತಲೇ ಮುಖ ಮಾಡಿ ಕೂತಿರುತ್ತಾರೆ. ನಾನು ತೋರಿಸಿದ ದಿಕ್ಕು ಸುಳ್ಳಾಗದಂತೆ ಮಾಡುವುದು ಈಗ ನಿನ್ನ ಕೈಯಲ್ಲಿದೆ.